ದೊಡ್ಡಪ್ಪನ ಸೀಕೋ 5: ಹಿಂದಿನ ನಂಬರು ಉಜ್ಜಿ ಹೋಗಿದೆ, ಯಾವ ಮಾಡೆಲ್ ಎಂದು ತಿಳಿಯುವುದು ಹೇಗೆ?

ನೀರ್ಚಾಲಿನ ಮಾಣಿ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ವಾಚಿನ ವಿಷಯ ಗೊತ್ತಿದ್ದವರು ದಯವಿಟ್ಟು ಸಹಾಯ ಮಾಡಬೇಕು.

ನಮ್ಮದು ಕಾಸರಗೋಡಿನ ನೀರ್ಚಾಲು. ದೊಡ್ಡಪ್ಪ 1972ರಲ್ಲಿ ಕುವೈತಿಗೆ ಹೋದವರು, ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. 1974ರ ಏಪ್ರಿಲಿನಲ್ಲಿ ಅತ್ತೆಯ ಮದುವೆಗೆಂದು ಮೊದಲ ರಜೆಯಲ್ಲಿ ಬಂದಾಗ ಅವರ ಕೈಯಲ್ಲಿ ಸೀಕೋ 5 ಇತ್ತಂತೆ. ಕೀ ಕೊಡದೆ ನಡೆಯುವ ವಾಚನ್ನು ತಾನು ನೋಡಿದ್ದೇ ಆಗ ಎಂದು ಅಪ್ಪ ಈಗಲೂ ಹೇಳುತ್ತಾರೆ. ದೊಡ್ಡಪ್ಪ ತೀರಿಹೋಗಿ ಎರಡು ವರ್ಷವಾಯಿತು. ಕಳೆದ ತಿಂಗಳು ದೊಡ್ಡಮ್ಮ ಕಪಾಟಿನಿಂದ ವಾಚು ತೆಗೆದು ನನ್ನ ಕೈಗಿಟ್ಟರು. "74ರಲ್ಲಿ ತಂದದ್ದು, ಜಾಗ್ರತೆ ಮಾಡು" ಎಂದರು.

ವಾಚು ಹೀಗಿದೆ: ಸ್ಟೀಲಿನದು, ಕಡುನೀಲಿ ಡಯಲ್, ಗಂಟೆಯ ಗುರುತುಗಳು ಉಬ್ಬಿಕೊಂಡಿವೆ. ಕೀ ಇರುವುದು 4ರ ಹತ್ತಿರ. 3ರ ಹತ್ತಿರ ವಾರ ಮತ್ತು ತಾರೀಕು ಒಂದೇ ಕಿಂಡಿಯಲ್ಲಿ. ವಾರದ ಹೆಸರು ಒಮ್ಮೆ ಇಂಗ್ಲಿಷಿನಲ್ಲಿ ಬರುತ್ತದೆ, ಒಮ್ಮೆ ಅರಬಿಯಲ್ಲಿ. ಸ್ಟೀಲಿನ ಚೈನು ಕೈರೋಮ ಕೀಳುವಂಥದ್ದು, ಕೊಂಡಿಯ ಒಳಗೆ ಸ್ಟೆಲಕ್ಸ್ ಎಂದು ಅಚ್ಚಾಗಿದೆ. ಅಲುಗಾಡಿಸಿದರೆ ಹತ್ತು ನಿಮಿಷ ನಡೆದು ನಿಲ್ಲುತ್ತದೆ.

ತೊಂದರೆ ಇರುವುದು ಹಿಂದಿನ ಮುಚ್ಚಳದಲ್ಲಿ. ದೊಡ್ಡಪ್ಪ ಊರಿಗೆ ಬಂದು ನೆಲೆಸಿದ ಮೇಲೂ ಇದನ್ನು ಕಟ್ಟಿಕೊಂಡೇ ಅಡಿಕೆ ತೋಟಕ್ಕೆ ಇಳಿಯುತ್ತಿದ್ದರು. ಬೆವರಿಗೆ ಉಜ್ಜಿ ಉಜ್ಜಿ ಮಧ್ಯಭಾಗ ನುಣ್ಣಗಾಗಿದೆ. ಅಂಚಿನಲ್ಲಿ "ವಾಟರ್ ರೆಸಿಸ್ಟೆಂಟ್" ಎಂಬುದರ ಎರಡನೆಯ ಶಬ್ದ ಅರ್ಧ ಕಾಣುತ್ತದೆ. ಮಾಡೆಲ್ ನಂಬರಿನ ಮೊದಲ ನಾಲ್ಕು ಅಂಕಿಗಳಲ್ಲಿ ಕೊನೆಯ 9 ಮಾತ್ರ ಸಿಕ್ಕಿತು. ಅದರ ಮೇಲೆ ಇನ್ನೊಂದು ನಂಬರು ಉಂಟು, ಅದರ ಮೊದಲ ಅಂಕಿ 3 ಅಥವಾ 8, ಎರಡನೆಯದು 5. ಉಳಿದದ್ದು ಮಸುಕು.

ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆ. ನಂಬರು ಎಂತಕ್ಕೆ, ಡಯಲ್‌ಗೆ ಹೊಸ ಬಣ್ಣ ಹೊಡೆಸಿ ಹೊರಗೆಲ್ಲ ಪಾಲಿಶ್ ಹಾಕಿದರೆ ಲಕಲಕ ಆಗ್ತದೆ, ಬಿಟ್ಟು ಹೋಗಿ ಎಂದರು. ಬಿಡಲಿಕ್ಕೆ ಮನಸ್ಸಾಗಲಿಲ್ಲ. ಅಲ್ಲೇ ನಿಂತಿದ್ದ ಒಬ್ಬರು 1,500 ರೂಪಾಯಿ ಕೊಡ್ತೇನೆ ಎಂದರು, ಮಾರುವ ಯೋಚನೆ ನನಗಿಲ್ಲ. ದೊಡ್ಡಪ್ಪ ಯಾವ ವಾಚು ಕಟ್ಟಿದ್ದರು ಎಂದು ಸರಿಯಾಗಿ ತಿಳಿದರೆ ಸಾಕು. ನಾಲ್ಕು ಫೋಟೋ ಹಾಕಿದ್ದೇನೆ.

ಹೊಸೂರು ಗಡಿಯಾರ · ಶನಿವಾರ, ರಾತ್ರಿ 10:25

ಅಂಗಡಿಯಲ್ಲಿ ಬಿಡದೆ ಬಂದಿರಲ್ಲ, ಒಳ್ಳೇದು ಮಾಡಿದ್ರಿ. ಬಣ್ಣ ಹೊಡೆದಿದ್ದರೆ ಕೇಳುವುದಕ್ಕೇ ಏನೂ ಉಳಿಯುತ್ತಿರಲಿಲ್ಲ.

ಹೊಸೂರಿನ ವಾಚ್ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೀನಿ. ನಮ್ಮಲ್ಲಿ ತಯಾರಾಗುತ್ತಿದ್ದುದು ಕ್ವಾರ್ಟ್ಜ್. ಹಳೇ ಸೀಕೋ ಮನೆಯಲ್ಲಿ ಕೂತು ಕಲಿತದ್ದು.

ಸೀಕೋ ಮುಚ್ಚಳದ ಮೇಲೆ ಎರಡು ನಂಬರು ಇರುತ್ತವೆ. ನಡುವೆ ಗೆರೆ ಇರುವ ನಾಲ್ಕು-ನಾಲ್ಕು ಅಂಕಿಯದು ಮಾಡೆಲ್. ಮೊದಲ ನಾಲ್ಕು ಒಳಗಿನ ಮೆಷಿನ್ನಿನದು, ಆಮೇಲಿನ ನಾಲ್ಕು ಕೇಸಿನದು. ಇನ್ನೊಂದು ಆರು ಅಂಕಿಯ ಸೀರಿಯಲ್ ನಂಬರು. ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ. ಎರಡನೆಯದು ತಿಂಗಳು: ಜನವರಿಯಿಂದ ಸೆಪ್ಟೆಂಬರ್‌ವರೆಗೆ 1ರಿಂದ 9, ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಹಾಗಾಗಿ ನಿಮ್ಮದು ಯಾವುದೋ ವರ್ಷದ ಮೇ ತಿಂಗಳದ್ದು, ಅಷ್ಟಂತೂ ಖಂಡಿತ.

ಆದರೆ ಯಾವ ದಶಕ ಅಂತ ಸೀರಿಯಲ್ ಹೇಳಲ್ಲ. 3 ಅಂದರೆ 1973 ಇರಬಹುದು, 1983 ಇರಬಹುದು. ಅದನ್ನು ಮೆಷಿನ್ನಿನಿಂದ ತೀರ್ಮಾನಿಸಬೇಕು. "ರೆಸಿಸ್ಟೆಂಟ್" ಅಂತ ಇರುವುದರಿಂದ 70ಕ್ಕಿಂತ ಹಿಂದಕ್ಕೆ ಹೋಗುವುದು ಬೇಡ. 60ರ ದಶಕದಲ್ಲಿ "ವಾಟರ್ ಪ್ರೂಫ್" ಅಂತ ಹಾಕುತ್ತಿದ್ದರು, 70ರ ಆಸುಪಾಸಿನಲ್ಲಿ ಬದಲಾಯಿಸಿದರು.

ಮಂಜೇಶ್ವರ ಕಲೆಕ್ಟರ್ · ಶನಿವಾರ, ರಾತ್ರಿ 11:02

ಇದು 6119. ನನ್ನ ಹತ್ತಿರವೇ ಆರು ಉಂಟು. ಮೊದಲ ನಾಲ್ಕರ ಕೊನೆ 9, ಸೀರಿಯಲ್ 35, ಅಂದರೆ 1973ರ ಮೇ. ಆಗ ವಾರ-ತಾರೀಕು ಇರುವ ಸೀಕೋ 5ರಲ್ಲಿ ಎಲ್ಲ ಕಡೆ ಸಿಗುತ್ತಿದ್ದುದು 21 ಜ್ಯುವೆಲ್ಲಿನ (ಚಕ್ರಗಳು ಸವೆಯದ ಹಾಗೆ ಒಳಗೆ ಕೂರಿಸುವ ಸಣ್ಣ ಕಲ್ಲು) 6119. ನಿಮ್ಮ ದೊಡ್ಡಮ್ಮ ಹೇಳಿದ ಇಸವಿಗೂ ಸರಿಹೊಂದುತ್ತದೆ. ಮೇಯಲ್ಲಿ ಜಪಾನಿನಲ್ಲಿ ತಯಾರಾದದ್ದು ವರ್ಷದೊಳಗೆ ಕುವೈತಿನ ಅಂಗಡಿಗೆ, ಅಲ್ಲಿಂದ 74ರ ಏಪ್ರಿಲಿಗೆ ನೀರ್ಚಾಲಿಗೆ. ಇನ್ನೆಂತ ಬೇಕು?

ಉಪ್ಪಳ ಬೀಚ್ ರೋಡ್ · ಭಾನುವಾರ, ಬೆಳಿಗ್ಗೆ 7:15

ನಮ್ಮ ಬಾಪ ಶಾರ್ಜಾದಿಂದ ತಂದ ಸೀಕೋದಲ್ಲೂ ಇದೇ ರೀತಿ ಅರಬಿ ವಾರ ಉಂಟು. ಗಲ್ಫಿಗೆ ಹೋಗುವ ಮಾಲಿಗೆ ಇಂಗ್ಲಿಷ್ ಮತ್ತು ಅರಬಿ ಎರಡೂ ಇರುವ ಚಕ್ರ ಹಾಕ್ತಿದ್ರು. ಹಾಗಾಗಿ ನಿಮ್ಮದು ಅಲ್ಲಿಯ ಅಂಗಡಿಯದ್ದೇ, ಸಂಶಯ ಬೇಡ. ಫೋಟೋದಲ್ಲಿ ಕಾಣುವುದು "ಅಲ್ ಖಮೀಸ್", ಗುರುವಾರ. ಚಿಕ್ಕವನಿರುವಾಗ ನಾನು ಅರಬಿ ಅಕ್ಷರ ಕೂಡಿಸಿ ಓದಲಿಕ್ಕೆ ಕಲಿತದ್ದು ಮದ್ರಸಕ್ಕಿಂತ ಮೊದಲು ಬಾಪನ ಕೈಯ ವಾಚಿನಲ್ಲಿ. ದಿನಕ್ಕೆ ಒಂದೇ ಶಬ್ದ, ಏಳು ದಿನಕ್ಕೆ ಏಳು.

ಮಧ್ಯರಾತ್ರಿ ಕಳೆದ ಮೇಲೆ ಮೊದಲು ಒಂದು ಭಾಷೆ ಬಂದು, ಸ್ವಲ್ಪ ಹೊತ್ತಿಗೆ ಇನ್ನೊಂದಕ್ಕೆ ಜಾರುತ್ತದೆ. ಕೆಟ್ಟಿದೆ ಎಂದು ಹೆದರಬೇಡಿ, ಅದು ಹಾಗೆಯೇ.

ಅಕ್ಕಲಕೋಟ ರಿಪೇರಿ · ಭಾನುವಾರ, ಬೆಳಿಗ್ಗೆ 8:50

ನಮಸ್ಕಾರ್ರಿ ಎಲ್ಲಾರಿಗೂ. ಅಕ್ಕಲಕೋಟದಾಗ ನಮ್ದು ವಾಚ್ ರಿಪೇರಿ ಅಂಗಡಿ ಐತ್ರಿ. ಅಪ್ಪ ಕುಂತಿದ್ದ ಮೇಜಿಗೇ ನಾನೂ ಕುಂತೀನಿ.

ಮಂಜೇಶ್ವರದ ಸಾಹೇಬ್ರು ಅವಸರ ಮಾಡಬ್ಯಾಡ್ರಿ. ಕೊನೀಗೆ 9 ಇರೋದು 6119 ಒಂದ ಅಲ್ರೀ, 7009ನೂ ಅದ. 6309ನೂ ಅದ. ಹಿಂದ ತಗಿಯೋದೂ ಬ್ಯಾಡ, ಕೀ ಹಿಡಿದು ನೋಡಿದ್ರ ಗೊತ್ತಾಗತೈತಿ. ಮಾಣಿಯವ್ರೇ, ಹಿಂಗ ಮಾಡ್ರಿ. ಮೊದಲ ಮುಳ್ಳು ತಿರುವಿ ಸಣ್ಣ ಮುಳ್ಳು 6ರ ಹತ್ರ ತಂದಿಡ್ರಿ. ರಾತ್ರಿ 9ರಿಂದ ನಸುಕಿನ 4ರ ತನಕ ತಾರೀಕಿಗೆ ಕೈ ಹಚ್ಚಬಾರದು, ಹಲ್ಲು ಒಂದರಾಗೊಂದು ಸಿಕ್ಕೊಂಡಿರ್ತಾವ, ಮುರೀತಾವ. ಆಮ್ಯಾಲ ಕೀ ಹಗೂರಕ ಒಳಗ ಒತ್ರಿ. ಒತ್ತಿದಾಗ ತಾರೀಕು ಮುಂದ ಹಾರಿತು ಅಂದ್ರ 6119. ಹಂಗ ಆಗಲಿಲ್ಲ ಅಂದ್ರ ಕೀ ಒಂದ ಹೆಜ್ಜಿ ಹೊರಗ ಎಳೀರಿ, ಪೂರಾ ಬ್ಯಾಡ. ಒಂದ್ ಕಡೆ ತಿರುವಿದ್ರ ತಾರೀಕು, ಇನ್ನೊಂದ್ ಕಡೆ ತಿರುವಿದ್ರ ವಾರ ಬದಲಾದ್ರ ಅದು 6119 ಅಲ್ಲ. ಜೋರ್ ಮಾಡಬ್ಯಾಡ್ರಿ. ಎಣ್ಣಿ ಒಣಗಿರ್ತದ.

ನೀರ್ಚಾಲಿನ ಮಾಣಿ · ಭಾನುವಾರ, ಬೆಳಿಗ್ಗೆ 10:30

ಹೇಳಿದ ಹಾಗೆಯೇ ಮಾಡಿದೆ. ಒತ್ತಿದರೆ ಏನೂ ಆಗಲಿಲ್ಲ. ಒಂದು ಹೆಜ್ಜೆ ಎಳೆದು ಒಂದು ದಿಕ್ಕಿಗೆ ತಿರುಗಿಸಿದಾಗ ತಾರೀಕು 17 ಇದ್ದದ್ದು 18 ಆಯಿತು, ಇನ್ನೊಂದು ದಿಕ್ಕಿಗೆ ತಿರುಗಿಸಿದಾಗ ಅರಬಿ ಹೋಗಿ ಇಂಗ್ಲಿಷ್ ಬಂತು. ಸ್ವಲ್ಪ ಬಿಗಿ ಇದೆ, ಆದರೂ ತಿರುಗುತ್ತದೆ.

ಹಾಗಾದರೆ ಇದು 6119 ಅಲ್ಲ ಎಂದಾಯಿತಲ್ಲ? ದೊಡ್ಡಮ್ಮನಿಗೆ ಎಂತ ಹೇಳುವುದು?

ಮಂಜೇಶ್ವರ ಕಲೆಕ್ಟರ್ · ಭಾನುವಾರ, ಬೆಳಿಗ್ಗೆ 11:10

ಹಾಗಾದರೆ ಮೆಷಿನ್ ಬದಲಾಯಿಸಿದ್ದಾರೆ ಎಂದೇ ನನ್ನ ಅಂದಾಜು. ಮುಚ್ಚಳ 1973ರದು, ಒಳಗೆ ಹಾಕಿದ್ದು ನಂತರದ 7009. ಡಯಲ್ ಕೂಡ ನೋಡಬೇಕು. ಇಷ್ಟು ಹಳೆಯ ವಾಚಿಗೆ ಇಷ್ಟು ಚಂದದ ನೀಲಿ ಇರುವುದು ಕಷ್ಟ. ಬಾಂಬೆ ಡಯಲ್ ಇರಬಹುದು. ಬೇರೆ ಬೇರೆ ವಾಚಿನ ತುಂಡು ಸೇರಿಸಿ, ಡಯಲ್‌ಗೆ ಗಾಢ ಬಣ್ಣ ಹೊಡೆದು, ಹಳೆಯ ಸೀಕೋ ಎಂದು ಮಾರುವುದು ಎಷ್ಟೋ ವರ್ಷದಿಂದ ನಡೆಯುತ್ತಿದೆ. ನಾನೇ ಎರಡು ಸಲ ಹಾಗೆ ದುಡ್ಡು ಕಳೆದುಕೊಂಡವ, ಅದಕ್ಕೇ ಹೇಳಿದ್ದು.

ಹೊಸೂರು ಗಡಿಯಾರ · ಭಾನುವಾರ, ಮಧ್ಯಾಹ್ನ 12:40

ನಿಮ್ಮ ಎಚ್ಚರಿಕೆ ಸರಿಯೇ. ಆದರೆ ಈ ವಾಚು ಯಾವ ಮಾರುಕಟ್ಟೆಯಿಂದಲೂ ಬಂದದ್ದಲ್ಲ, ಒಂದೇ ಮನೆಯ ಕಪಾಟಿನಲ್ಲಿ ಇದ್ದದ್ದು. ಮೊದಲು ಮೂರನ್ನೂ ಬೇರೆ ಬೇರೆಯಾಗಿ ಕೇಳೋಣ: ಮುಚ್ಚಳ ಏನು ಹೇಳುತ್ತೆ, ಡಯಲ್ ಏನು ಹೇಳುತ್ತೆ, ಮೆಷಿನ್ ಏನು ಹೇಳುತ್ತೆ. ಮೂರೂ ಒಂದೇ ಮಾತು ಹೇಳಿದರೆ ಕೇಸು ಮುಗೀತು. ಒಂದು ತಪ್ಪಿದರೆ ಆಗ ಯಾರು ಯಾವಾಗ ಬದಲಾಯಿಸಿದರು ಅಂತ ಹುಡುಕೋಣ.

ಮಾಣಿಯವರೇ, ಡಯಲ್‌ನ ಕೆಳತುದಿಯಲ್ಲಿ, 6ರ ಗುರುತಿನ ಎರಡೂ ಪಕ್ಕದಲ್ಲಿ, ಅಂಚಿಗೆ ಅಂಟಿಕೊಂಡ ಹಾಗೆ ಕೂದಲೆಳೆಯಷ್ಟು ಸಣ್ಣ ಅಕ್ಷರ ಇರಬೇಕು. ಜಪಾನ್ ಅಂತ ಬರೆದು ಆಮೇಲೆ ನಂಬರು. ಬರಿಗಣ್ಣಿಗೆ ಕಾಣಲ್ಲ, ಭೂತಗನ್ನಡಿ ಬೇಕು. ವಾಚನ್ನು ನಿಮ್ಮ ಕಡೆಗೆ ಸ್ವಲ್ಪ ವಾಲಿಸಿ, ಗಾಜಿನ ಅಂಚಿನ ಅಡಿಯಲ್ಲಿ ನೋಡಿ. ಬಣ್ಣ ಹೊಡೆದ ಡಯಲ್‌ಗಳಲ್ಲಿ ಈ ಸಾಲು ಇರುವುದೇ ಇಲ್ಲ, ಇಲ್ಲವೇ ದಪ್ಪಗೆ, ಒಡೆದ ಅಕ್ಷರದಲ್ಲಿ ಇರುತ್ತೆ. ಸೀಕೋ ಅನ್ನುವ ಹೆಸರಿನ ಹತ್ತಿರ, ಗುರುತುಗಳ ಬುಡದಲ್ಲಿ ಬಣ್ಣ ಗಂಟು ಕಟ್ಟಿದೆಯಾ ನೋಡಿ. ವಾರದ ಕಿಂಡಿಯ ಅಂಚು ಚೂಪಾಗಿದೆಯಾ, ಬಣ್ಣ ಒಳಗೆ ಇಳಿದು ಮೊಂಡಾಗಿದೆಯಾ ಅದನ್ನೂ ನೋಡಿ.

ಇನ್ನೊಂದು ಮಾತು. ಡಯಲ್ ನಂಬರಿನ ಕೊನೆಯ ನಾಲ್ಕು ಅಂಕಿ, ಮುಚ್ಚಳದ ಕೊನೆಯ ನಾಲ್ಕಕ್ಕಿಂತ ಬೇರೆ ಇರಬಹುದು. ಅದು ಡಯಲ್‌ನದೇ ನಂಬರು. ಅಷ್ಟಕ್ಕೇ ಡಯಲ್ ಬದಲಾಗಿದೆ ಅಂತ ಹೇಳಬಾರದು. ಮೊದಲ ನಾಲ್ಕನ್ನು ಹೋಲಿಸಿ ನೋಡಿ.

ಕುಂಬಳೆ ಟೀಚರ್ · ಭಾನುವಾರ, ಸಂಜೆ 4:05

ನನಗೆ ವಾಚಿನ ಯಂತ್ರ ಗೊತ್ತಿಲ್ಲ. ಆದರೆ ಊರಿನ ದೇವಸ್ಥಾನದ ಕಲ್ಲಿನ ಬರಹ ಓದಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದವಳು. ಸವೆದ ಅಕ್ಷರವನ್ನು ಎದುರಿನ ಬೆಳಕಿನಲ್ಲಿ ಓದಲು ಹೋಗಬಾರದು. ಬೆಳಕು ಪಕ್ಕದಿಂದ, ಮೈಗೆ ತಾಗಿಕೊಂಡು ಬರಬೇಕು. ಆಗ ಉಗುರಿನ ಗೀರಿನಷ್ಟು ತಗ್ಗಿದ್ದರೂ ನೆರಳು ಬೀಳುತ್ತದೆ. ಬೆಳಿಗ್ಗೆ ಏಳು ಗಂಟೆಯ ಬಿಸಿಲು ಒಳ್ಳೆಯದು, ಇಲ್ಲದಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ.

ಸೀಮೆಸುಣ್ಣದ ಹುಡಿಯನ್ನು ಬೆರಳಲ್ಲಿ ಸವರಿ, ಒಣ ಬಟ್ಟೆಯಲ್ಲಿ ಒಂದೇ ಸಲ ಒರೆಸಿ. ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ನೀರು ಹಾಕಬೇಡಿ ಮಗಾ.

ಇನ್ನು, ಮನೆಯಲ್ಲಿ ಹಳೆಯ ಫೋಟೋ ಇಲ್ಲವೇ? ಆ ಕಾಲದಲ್ಲಿ ಗಲ್ಫಿನಿಂದ ಬಂದವರು ಫೋಟೋಕ್ಕೆ ನಿಲ್ಲುವಾಗ ವಾಚು ಕಾಣುವ ಹಾಗೆ ಕೈ ಮುಂದೆ ಇಟ್ಟುಕೊಳ್ಳುತ್ತಿದ್ದರು. ನಮ್ಮ ಅಣ್ಣನ ಎಲ್ಲ ಫೋಟೋದಲ್ಲೂ ಎಡಗೈ ಎದೆಯ ಮೇಲೆ.

ನೀರ್ಚಾಲಿನ ಮಾಣಿ · ಸೋಮವಾರ, ಬೆಳಿಗ್ಗೆ 9:20

ಟೀಚರ್, ನಿಮಗೆ ಕೈಮುಗಿದೆ.

ಬೆಳಿಗ್ಗೆ ಜಗಲಿಯಲ್ಲಿ ಕುಳಿತೆ. ಅಡಿಕೆ ಮರಗಳ ಸಂದಿನಿಂದ ಬಿಸಿಲು ಸರಿಯಾಗಿ ಅಡ್ಡಕ್ಕೆ ಬರುವ ಹೊತ್ತು. ತಂಗಿಯ ಮಗಳ ಸೀಮೆಸುಣ್ಣ ಕೆರೆದು ಹುಡಿ ಮಾಡಿ ಸವರಿ, ಹಳೆಯ ಮುಂಡಿನ ತುಂಡಿನಲ್ಲಿ ಒಮ್ಮೆ ಒರೆಸಿದೆ. ಮೊದಲು ಏನೂ ಕಾಣಲಿಲ್ಲ. ವಾಚನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ, ಒಂದು ಕೋನದಲ್ಲಿ ಬಿಳಿಯ ಸಣ್ಣ ಗೆರೆಗಳು ಎದ್ದವು. 9ರ ಎಡಕ್ಕೆ ಉರುಟು, ಅದರ ಎಡಕ್ಕೆ ಇನ್ನೊಂದು ಉರುಟು, ಅದಕ್ಕೂ ಎಡಕ್ಕೆ ಓರೆಯಾದ ಒಂದೇ ಗೆರೆ. 7009. ಗೆರೆಯ ಆಚೆಯ ನಾಲ್ಕು ಅಂಕಿಯೂ ಸಿಕ್ಕಿತು, ಫೋಟೋ 6ರಲ್ಲಿ ನೋಡಿ.

ಸೀರಿಯಲ್‌ನ ಮೊದಲ ಅಂಕಿಯಲ್ಲಿ ಎಡಭಾಗ ಪೂರ್ತಿ ಸವೆದಿತ್ತು, ಅದಕ್ಕೇ 3ರ ಹಾಗೆ ಕಂಡದ್ದು. ಹುಡಿ ಕುಳಿತ ಮೇಲೆ ಎಡಗಡೆಯೂ ಎರಡು ಕಮಾನು ಮಸುಕಾಗಿ ಬಂತು. ನನ್ನ ಕಣ್ಣಿಗೆ ಅದು 8. ಅಪ್ಪನಿಗೆ ತೋರಿಸಿದೆ, ಅವರೂ 8 ಎಂದರು. ತಂಗಿಯ ಮಗಳು ಮಾತ್ರ 3 ಎನ್ನುತ್ತಾಳೆ.

ಡಯಲ್‌ನಲ್ಲಿ ಹೊಸೂರಿನವರು ಹೇಳಿದ ಸಣ್ಣ ಸಾಲು ಉಂಟು! ಜಪಾನ್, ಆಮೇಲೆ 7009, ಮತ್ತೆ ನಾಲ್ಕು. ಕೊನೆಯ ನಾಲ್ಕು ಮುಚ್ಚಳದ್ದಕ್ಕಿಂತ ಬೇರೆ, ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಅಕ್ಷರ ಸೂಜಿಯಲ್ಲಿ ಬರೆದಷ್ಟು ಚೂಪು. ಕಿಂಡಿಯ ಅಂಚೂ ಚೂಪಾಗಿದೆ. 11ರ ಹತ್ತಿರ ಬಣ್ಣ ಒಂದು ಸಾಸಿವೆಯಷ್ಟು ಕಡೆ ಕಂದಿದೆ.

ಹೊಸೂರು ಗಡಿಯಾರ · ಸೋಮವಾರ, ಬೆಳಿಗ್ಗೆ 11:00

ಹಾಗಾದರೆ ಡಯಲ್ ಕಾರ್ಖಾನೆಯದ್ದೇ. ಆ ಕಂದಿದ ಜಾಗವನ್ನು ಯಾರಿಗೂ ಮುಟ್ಟಲು ಬಿಡಬೇಡಿ.

3 ಅಥವಾ 8 ಅನ್ನುವುದನ್ನು ಕಣ್ಣಿಗೆ ಬಿಡದೆ ಲೆಕ್ಕಕ್ಕೆ ಬಿಡೋಣ. 3 ಆದರೆ 1973 ಅಥವಾ 1983. 1973ರಲ್ಲಿ 7009 ಮೆಷಿನ್ನೇ ಇರಲಿಲ್ಲ, ಅದು ಬಂದದ್ದು 70ರ ದಶಕದ ಉತ್ತರಾರ್ಧದಲ್ಲಿ. ಹಾಗಾಗಿ 1973 ಬಿದ್ದುಹೋಯಿತು. ಉಳಿದದ್ದು 1983. 8 ಆದರೆ 1978 ಅಥವಾ 1988. ಇನ್ನು ನಿಮ್ಮ ಮನೆಯ ಫೋಟೋ ಹೇಳಬೇಕು. 1983ಕ್ಕಿಂತ ಮೊದಲಿನ ಯಾವ ಫೋಟೋದಲ್ಲಾದರೂ ಈ ವಾಚು ಇದೆಯಾ?

ನೀರ್ಚಾಲಿನ ಮಾಣಿ · ಸೋಮವಾರ, ರಾತ್ರಿ 8:45

ಇದೆ. ಅಪ್ಪ ಅಟ್ಟದ ಪೆಟ್ಟಿಗೆ ಇಳಿಸಿದರು. 1981ರ ಮೇಯಲ್ಲಿ ಅಣ್ಣನ, ಅಂದರೆ ದೊಡ್ಡಪ್ಪನ ದೊಡ್ಡ ಮಗನ ಉಪನಯನ. ಫೋಟೋದ ಹಿಂದೆ ಸ್ಟುಡಿಯೋದವರ ಮುದ್ರೆ, ತಾರೀಕು ಎಲ್ಲ ಉಂಟು. ದೊಡ್ಡಪ್ಪ ಶಲ್ಯ ಹೊದ್ದು ಹೋಮಕುಂಡದ ಪಕ್ಕ ಕುಳಿತಿದ್ದಾರೆ, ಎಡಗೈ ಮೊಣಕಾಲಿನ ಮೇಲೆ. ಕಪ್ಪು-ಬಿಳುಪು ಫೋಟೋ ಆದ್ದರಿಂದ ನೀಲಿ ಕಾಣುವುದಿಲ್ಲ. ಆದರೆ ಭೂತಗನ್ನಡಿಯಲ್ಲಿ 12ರ ಹತ್ತಿರದ ಜೋಡಿ ಗುರುತು, ಕೇಸಿನ ಓರೆ ಅಂಚು, ಅದೇ ಚೈನು ಎಲ್ಲ ಸ್ಪಷ್ಟ. ಇದೇ ವಾಚು.

ಹೊಸೂರು ಗಡಿಯಾರ · ಸೋಮವಾರ, ರಾತ್ರಿ 9:10

1983 ಬಿತ್ತು, 1988 ಕೂಡ ಬಿತ್ತು. 1978ರ ಮೇ. ನಿಮ್ಮ ಕಣ್ಣು ಸರಿಯಾಗೇ ಓದಿದೆ.

ಮಂಜೇಶ್ವರ ಕಲೆಕ್ಟರ್ · ಸೋಮವಾರ, ರಾತ್ರಿ 9:30

ನನ್ನ ಅಂದಾಜು ತಪ್ಪು, ಒಪ್ಪಿಕೊಳ್ಳುತ್ತೇನೆ. ಮಾಣಿಯವರೇ, ಬಾಂಬೆ ಡಯಲ್ ಎಂದು ಹೇಳಿ ಮನಸ್ಸಿಗೆ ನೋವು ಮಾಡಿದ್ದರೆ ಕ್ಷಮಿಸಿ. ಬದಿಯಡ್ಕದ ಕಡೆ ನಂಬಿಕೆಯವರು ಯಾರಾದರೂ ಇದ್ದರೆ ನಿಮ್ಮ ಎದುರೇ ಒಮ್ಮೆ ಮುಚ್ಚಳ ಬಿಚ್ಚಿಸಿ. ಬ್ಯಾಲೆನ್ಸ್ ಚಕ್ರದ ಹತ್ತಿರ 7009ಎ ಎಂದು ಅಚ್ಚು ಇರಬೇಕು, ತಿರುಗುವ ಅರ್ಧಚಂದ್ರದ ಮೇಲೆ 17 ಜ್ಯುವೆಲ್ಸ್. 6119ರಲ್ಲಾದರೆ 21 ಇರುತ್ತದೆ.

ನೀರ್ಚಾಲಿನ ಮಾಣಿ · ಬುಧವಾರ, ರಾತ್ರಿ 10:05

ಬಿಚ್ಚಿಸಿದೆ. 7009ಎ, 17 ಜ್ಯುವೆಲ್ಸ್. ಡಯಲನ್ನು ಮೆಷಿನ್ನಿಗೆ ಹಿಡಿಸುವ ಸಣ್ಣ ಕಾಲುಗಳು ಸರಿಯಾಗಿ ಕುಳಿತಿವೆ, ಅಂಟು ಗಿಂಟು ಏನೂ ಇಲ್ಲ ಎಂದು ಬಿಚ್ಚಿದವರು ಹೇಳಿದರು. ರಬ್ಬರ್ ಉಂಗುರ ಮಾತ್ರ ಡಾಂಬರಿನ ಹಾಗೆ ಕರಗಿ ಅಂಟಿತ್ತು. ಮೂರೂ ಒಂದೇ ಮಾತು ಹೇಳಿದಂತಾಯಿತು.

ಆದರೆ ಮನೆಯಲ್ಲಿ ಸ್ವಲ್ಪ ಬೇಸರದ ವಾತಾವರಣ. ದೊಡ್ಡಮ್ಮನಿಗೆ ಈಗ 81. "ಇದು 78ರದ್ದು ದೊಡ್ಡಮ್ಮಾ" ಎಂದೆ. ಅವರು ನನ್ನ ಮುಖ ನೋಡಿ, "ನನಗೆ ಮರೆವು ಬಂದಿಲ್ಲ. 74ರಲ್ಲಿ ಅವರು ಗೇಟಿನ ಹತ್ತಿರ ಇಳಿಯುವಾಗ ಕೈಯಲ್ಲಿ ವಾಚು ಇತ್ತು. ನಾನೇ ನೋಡಿದ್ದೇನೆ" ಎಂದರು. ಆಮೇಲೆ ಮಾತಾಡಲಿಲ್ಲ. ನನಗೆ ಊಟ ಸೇರಲಿಲ್ಲ. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತೋ ಏನೋ.

ಅಕ್ಕಲಕೋಟ ರಿಪೇರಿ · ಬುಧವಾರ, ರಾತ್ರಿ 10:40

ಹಂಗ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅಂಗಡ್ಯಾಗ ನಾ ಭಾಳ ನೋಡೀನಿ. ಅಜ್ಜಾರು ವಾಚ್ ತಂದು ಇದು ನನ್ನ ಮದುವಿದು ಅಂತಾರ, ಒಳಗ ನೋಡಿದ್ರ ಮದುವಿ ಆಗಿ ಹತ್ ವರ್ಷದ ಮ್ಯಾಲಿಂದು ಇರ್ತದ. ಸುಳ್ಳು ಹೇಳಾಕತ್ತಾರಂತ ಅಲ್ರೀ. ಮೊದಲಿಂದು ಕಳದಿರ್ತದ, ಇಲ್ಲಾ ಯಾರಿಗರ ಕೊಟ್ಟಿರ್ತಾರ. ಕೈ ಅದ, ವಾಚ್ ಬ್ಯಾರೆ. ದೊಡ್ಡವ್ವನ್ನ ಹಿಂಗ ಕೇಳ್ರಿ: ಆವಾಗಿನ ವಾಚಿನ ಬಣ್ಣ ಯಾವ್ದಿತ್ತು?

ನೀರ್ಚಾಲಿನ ಮಾಣಿ · ಗುರುವಾರ, ಮಧ್ಯಾಹ್ನ 1:15

ಕೇಳಿದೆ. ದೊಡ್ಡಮ್ಮ ಹಪ್ಪಳ ಲಟ್ಟಿಸುತ್ತಿದ್ದರು. ಕೈ ನಿಲ್ಲಿಸದೆ, "ಬೆಳ್ಳಿಯ ಹಾಗೆ ಬಿಳಿ" ಎಂದರು. ಮತ್ತೆ ಲಟ್ಟಣಿಗೆ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಪೆರ್ಲದ ಭಾವನ ಕೈಯಲ್ಲಿತ್ತಲ್ಲ" ಎಂದರು.

ಪೆರ್ಲದ ಭಾವ ಎಂದರೆ ನನ್ನ ಅತ್ತೆಯ ಗಂಡ, ನನಗೆ ಮಾವ. ಅಪ್ಪನನ್ನು ಕೇಳಿದರೆ, ಹೌದು ಮಾರಾಯ, ಮದುವೆಯಲ್ಲಿ ಮದುಮಗನಿಗೆ ವಾಚು ಕೊಡುವ ಮಾತಿತ್ತು, ಅಂಗಡಿಗೆ ಹೇಳಿದ್ದು ಸಮಯಕ್ಕೆ ಬರಲಿಲ್ಲ, ಧಾರೆಯ ದಿನ ಬೆಳಿಗ್ಗೆ ಅಣ್ಣ ಕೈಯಿಂದ ಬಿಚ್ಚಿ ಕೊಟ್ಟ ಎಂದರು! ಇಷ್ಟು ದಿನ ಯಾರ ಬಾಯಿಂದಲೂ ಬಾರದ ಮಾತು. ದೊಡ್ಡಪ್ಪನ ಹಳೆಯ ಪಾಸ್‌ಪೋರ್ಟ್ ತೆಗೆದು ನೋಡಿದೆ. ವಿಳಾಸದಲ್ಲಿ ಇನ್ನೂ ಕಣ್ಣೂರು ಜಿಲ್ಲೆ, ಆಗ ಕಾಸರಗೋಡು ಜಿಲ್ಲೆ ಆಗಿರಲಿಲ್ಲವಲ್ಲ. ಬೊಂಬಾಯಿಯಲ್ಲಿ ಇಳಿದ ಮುದ್ರೆ ಎರಡು: 1974ರ ಏಪ್ರಿಲ್, 1978ರ ಡಿಸೆಂಬರ್. ಆ ನಾಲ್ಕು ವರ್ಷ ಬರಲೇ ಇಲ್ಲ.

ನಾಳೆ ಪೆರ್ಲಕ್ಕೆ ಹೋಗುತ್ತೇನೆ.

ಕುಂಬಳೆ ಟೀಚರ್ · ಗುರುವಾರ, ಮಧ್ಯಾಹ್ನ 2:00

ದೊಡ್ಡಮ್ಮನನ್ನೂ ಕರೆದುಕೊಂಡು ಹೋಗು ಮಗಾ.

ನೀರ್ಚಾಲಿನ ಮಾಣಿ · ಶನಿವಾರ, ಬೆಳಿಗ್ಗೆ 8:30

ಕರೆದುಕೊಂಡು ಹೋಗಿದ್ದೆ ಟೀಚರ್.

ಮಾವ ಈಗ ಹೆಚ್ಚು ನಡೆಯುವುದಿಲ್ಲ. ವಿಷಯ ಹೇಳಿದ ಕೂಡಲೇ ಅತ್ತೆಯ ಕೈಯಲ್ಲಿ ಕಬ್ಬಿಣದ ಕಪಾಟಿನ ಬೀಗದ ಕೈ ಕೊಟ್ಟರು. ರೇಷ್ಮೆ ಸೀರೆಗಳ ಅಡಿಯಲ್ಲಿ ಒಂದು ಹೊಗೆಸೊಪ್ಪಿನ ತಗಡಿನ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿ ಇಟ್ಟ ವಾಚು. ಬೆಳ್ಳಿಯ ಹಾಗೆ ಬಿಳಿ ಡಯಲ್, ದೊಡ್ಡಮ್ಮ ಹೇಳಿದ ಹಾಗೆಯೇ. ಸೀಕೋ 5. ವಾರದ ಕಿಂಡಿಯಲ್ಲಿ ಅರಬಿ ಅಕ್ಷರ. ಮಾವ ಇದನ್ನು ಮದುವೆ ಮುಂಜಿಗೆ ಮಾತ್ರ ಕಟ್ಟುತ್ತಿದ್ದರಂತೆ, ಹಾಗಾಗಿ ಹಿಂದಿನ ಬರಹ ಒಂದು ಅಕ್ಷರವೂ ಸವೆದಿಲ್ಲ. ಸೀಮೆಸುಣ್ಣ ಬೇಕಾಗಲಿಲ್ಲ: 6119. ಸೀರಿಯಲ್ 3, ಆಮೇಲೆ ಎನ್. ಕೀಯನ್ನು ಹಗುರವಾಗಿ ಒತ್ತಿದೆ, ತಾರೀಕು ಟಕ್ ಎಂದು ಮುಂದೆ ಹಾರಿತು.

ದೊಡ್ಡಮ್ಮ ಅದನ್ನು ಕೈಗೆ ತೆಗೆದುಕೊಂಡು ಗಾಜನ್ನು ಸೆರಗಿನಲ್ಲಿ ಒರೆಸಿದರು. "ಇದೇ" ಎಂದರು. ಅಷ್ಟೇ. ಆಮೇಲೆ ಅತ್ತೆಯ ಜೊತೆ ಒಳಗೆ ಹೋಗಿ ಕುಳಿತವರು ಎರಡು ಗಂಟೆ ಹೊರಗೆ ಬರಲಿಲ್ಲ, ನಗುವ ಸದ್ದು ಮಾತ್ರ ಜಗಲಿಗೆ ಕೇಳುತ್ತಿತ್ತು.

ಹೊಸೂರು ಗಡಿಯಾರ · ಶನಿವಾರ, ಬೆಳಿಗ್ಗೆ 9:05

1973ರ ನವೆಂಬರ್. 6119ಕ್ಕೆ 63 ತೀರಾ ಮೊದಲಾಯಿತು, 83 ತೀರಾ ತಡ, ಹಾಗಾಗಿ ಯೋಚಿಸುವುದೇ ಬೇಡ. ನವೆಂಬರಿನಲ್ಲಿ ತಯಾರಾಗಿ, ಕುವೈತಿನಲ್ಲಿ ಮಾರಾಟವಾಗಿ, ಏಪ್ರಿಲಿನಲ್ಲಿ ನಿಮ್ಮ ಮನೆ ಗೇಟಿನ ಹತ್ತಿರ. ದೊಡ್ಡಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಮಂಜೇಶ್ವರ ಕಲೆಕ್ಟರ್ · ಶನಿವಾರ, ಬೆಳಿಗ್ಗೆ 9:40

6119 ಎಂದದ್ದು ನಾನು, ವಾಚು ಮಾತ್ರ ಬೇರೆಯಾಗಿತ್ತು. ಓದಿ ಕಣ್ಣು ತುಂಬಿತು. ಎರಡನ್ನೂ ಒಟ್ಟಿಗೆ ಇಟ್ಟು ಒಂದು ಫೋಟೋ ಹಾಕಿ ಮಾಣಿಯವರೇ.

ಉಪ್ಪಳ ಬೀಚ್ ರೋಡ್ · ಶನಿವಾರ, ಬೆಳಿಗ್ಗೆ 10:20

ಮಾವನ ವಾಚಿನಲ್ಲಿ ಈಗ ನಿಂತದ್ದು ಯಾವ ವಾರ? ಅರಬಿಯಲ್ಲಿ ಉಂಟಲ್ಲ, ಫೋಟೋ ಹಾಕಿ, ಓದಿ ಹೇಳ್ತೇನೆ.

ನೀರ್ಚಾಲಿನ ಮಾಣಿ · ಶನಿವಾರ, ಮಧ್ಯಾಹ್ನ 12:10

ಹಾಕಿದ್ದೇನೆ, ಫೋಟೋ 9. ಫೋಟೋ 10ರಲ್ಲಿ ಎರಡೂ ವಾಚು ಅತ್ತೆಯ ಮನೆಯ ಮಣೆಯ ಮೇಲೆ.

ಅಕ್ಕಲಕೋಟದವರೇ, ಮಾವನದ್ದು ಅಲುಗಾಡಿಸಿದರೂ ನಡೆಯುತ್ತಿಲ್ಲ. ಹೊರಡುವಾಗ ಅವರೇ, ಇದನ್ನೂ ತೆಗೆದುಕೊಂಡು ಹೋಗಿ ಸರಿ ಮಾಡಿಸು, ಮುಂದಿನ ವರ್ಷ ಮೊಮ್ಮಗನ ಉಪನಯನಕ್ಕೆ ಕಟ್ಟುತ್ತೇನೆ ಎಂದರು. ಎರಡನ್ನೂ ನಿಮಗೆ ಕಳುಹಿಸಿದರೆ ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಡಬಹುದೇ? ಡಯಲ್ ಮುಟ್ಟುವುದು ಬೇಡ, ಪಾಲಿಶ್ ಬೇಡ. ದೊಡ್ಡಪ್ಪನ ವಾಚಿನ ಮುಚ್ಚಳದ ಸವಕಲು ಹಾಗೆಯೇ ಇರಲಿ.

ಉಪ್ಪಳ ಬೀಚ್ ರೋಡ್ · ಶನಿವಾರ, ಮಧ್ಯಾಹ್ನ 12:25

"ಅಲ್ ಅಹದ್". ಭಾನುವಾರ.

ಅಕ್ಕಲಕೋಟ ರಿಪೇರಿ · ಶನಿವಾರ, ಮಧ್ಯಾಹ್ನ 1:50

ಕಳಸ್ರಿ, ನಾ ಕೈಯಾರೆ ಮಾಡ್ತೀನಿ. ಡಯಲ್‌ಗೆ ಬರೀ ಗಾಳಿ ಊದೋದು, ಬಟ್ಟಿ ಸೈತ ಮುಟ್ಟಸೂದಿಲ್ಲ. ರಬ್ಬರ್ ಉಂಗುರ ಎರಡಕ್ಕೂ ಹೊಸಾದು ಹಾಕ್ತೀನಿ, ನಿಮ್ಮ ಕಡೆ ಮಳಿ ಭಾಳ. ಬಿಚ್ಚೂದಕ್ಕಿಂತ ಮೊದಲ ಒಂದು, ಬಿಚ್ಚಿದ ಮ್ಯಾಲ ಒಂದು ಫೋಟೋ ತಗದು ಕಳಸ್ತೀನಿ.

ಎರಡೂ ಬ್ಯಾರೆ ಬ್ಯಾರೆ ಡಬ್ಬ್ಯಾಗ ಹಾಕ್ರಿ. ಚೈನ್ ಬಿಚ್ಚಿ ಅರಿವ್ಯಾಗ ಸುತ್ತಿ ಬಾಜೂಕ ಇಡ್ರಿ, ಇಲ್ಲಂದ್ರ ದಾರ್ಯಾಗ ಗಾಜಿಗೆ ಗೀರು ಬೀಳ್ತಾವ. ಹತ್ತಿ ಹಾಕಬ್ಯಾಡ್ರಿ, ಎಳಿ ಒಳಗ ಹೊಕ್ಕೊಂತದ. ವಿಳಾಸ ನಿಮಗೊಬ್ಬರಿಗೇ ಕಳಸೀನಿ, ನೋಡ್ರಿ.